ಯಾವ ಅಂಗರಿ?

ಮೂವತ್ತೊಂದು ವರ್ಷ ಕೋರ್ಟಿನಾಗ ಟೈಪ್ ಮಾಡೀನಿ.
ಜಪ್ತಿ, ಜಾಮೀನು, ಪಾಲು, ತಲಾಖು,
ಸಾಕ್ಷಿ ಅಳೋದ್ರಾಗ ಅರ್ಧಕ್ಕ ನಿಂತ ಮಾತೂ
ಈ ಹತ್ತು ಬೆರಳಿನಿಂದ ಕಾಗದಕ್ಕ ಇಳಿದಾವ.
ತಪ್ಪೇ ಇಲ್ಲ ಅಂತ ಹೇಳೋದಿಲ್ಲ.
ಎರಡು ಇದ್ದವು, ಎರಡೂ ನೆನಪವ.

ಈಗ ‘ಮಾನ್ಯರೇ’ ಅಂತ ಹೊಡೆದರ
‘ಮಾನ್ಯರೇರೇ’ ಅಂತ ಬೀಳ್ತದ.
ಲತೀಫ್ ಸಾಬ್ ನೋಡಿ ನಗ್ತಾರ:
“ಇರ್ಲಿ ಬಿಡ್ರಿ ಮಹಾನಂದಾಬಾಯಿ,
ಸಾಹೇಬರಿಗೆ ಎರಡು ಸಲ ಕೂಗಿದರೇ ಕೇಳಸ್ತದ.”
ಗಡಿಯಾರ ರಿಪೇರಿ ಮಾಡಿದ ಕೈ ಅವರದು,
ಸೂಪರ್ ಮಾರ್ಕೆಟ್ ಓಣ್ಯಾಗ, ನಲವತ್ತು ವರ್ಷ.
ಈಗ ಚಿಮಟದ ತುದಿಗೆ ಮುಳ್ಳು ನಿಲ್ಲೋದಿಲ್ಲ.
ನಮ್ಮ ಐದೂ ಮಂದಿಯ ಗುಳಿಗಿ ಟೈಮು ಅವರೇ ಬರೆದಿಡ್ತಾರ,
ಒಂದು ನಿಮಿಷ ಆಚೀಚೆ ಆದರ ಫೋನು.

ಆರಕ್ಕೊಂದು, ಹತ್ತಕ್ಕೊಂದು, ಎರಡಕ್ಕೊಂದು, ಮತ್ತ ಆರಕ್ಕೊಂದು.
ನಡುವ ಕರೆಂಟ್ ಹೋಗ್ತದ.
ಕಲಬುರಗಿ ಬ್ಯಾಸಗ್ಯಾಗ ಬೆಳೆದ ಮೈಗೆ
ಲೋಡ್ ಶೆಡ್ಡಿಂಗ್ ಹೊಸದೇನಲ್ಲ.
ಹೋಗೋ ಹೊತ್ತು ಗೊತ್ತಿದ್ದರ, ಅಷ್ಟರಾಗ
ನೀರು ತುಂಬಿಸ್ಕೋಬೇಕು, ಹಿಟ್ಟು ಬೀಸಿಸ್ಕೋಬೇಕು,
ಡಿಸಿ ಆಫೀಸಿಗೆ ಹೋಗಿ ಬರಬೇಕು.

ಡಾಕ್ಟರ್ ಅಂದ: ಈ ಗುಳಿಗಿಗೂ ಬ್ಯಾಳಿಗೂ ಆಗಿಬರೋದಿಲ್ಲ,
ನಡುವ ತಾಸಿನ ಅಂತರ ಇಡ್ರಿ.
ತೊಗರಿ ನಾಡಿನಾಗ ನಿಂತು ಈ ಮಾತು ಅಂದಾನ!
ಚಿಂಚೋಳಿ ಕಡಿಂದ ಬರೋ ಹಣಮವ್ವಗ ತಿಳಿಸಿದರ
“ಹಂಗಾರ ಗುಳಿಗಿ ಬಿಡ್ತೀನಿ” ಅಂದಳು.
ಕೂತು ರಾಜಿ ಮಾಡಿಸಿದ್ದಾತು:
ಹಗಲೊತ್ತು ರೊಟ್ಟಿ, ಪುಂಡಿಪಲ್ಯ. ಬ್ಯಾಳಿ ರಾತ್ರಿಗೆ.
ಈಗ ಅವಳು ಒಪ್ಯಾಳ, ಗುಳಿಗಿನೇ ಇಲ್ಲ.
ಜಿಲ್ಲಾ ದವಾಖಾನ್ಯಾಗ ಮೂರು ತಿಂಗಳಿಂದ ಇಲ್ಲ.
‘ಬರ್ತದ’ ಅಂತಾರ,
ತಡ ಆದ ರೈಲಿನ ಬಗ್ಗೆ ಅಂದಂಗ.

ಅದಕ್ಕ ಈ ಅರ್ಜಿ. ಹದಿನಾಲ್ಕನೇದು.

ಮೊನ್ನೆ ಕಾರ್ಡಿನ ಕಿಟಕ್ಯಾಗಿನ ಹುಡುಗ
ಫಾರಂ ಮ್ಯಾಲ ಕಣ್ಣಿಟ್ಟೇ ಕೇಳಿದ, “ಯಾವ ಅಂಗರಿ?”
ವಿಚಾರ ಮಾಡಿದೆ.
ಕೈ ಅನ್ನಲೋ, ಹೇಳದೇ ಕೇಳದೇ ನಿಲ್ಲೋ ಕಾಲು ಅನ್ನಲೋ,
ತಿಂಗಳಿಂದ ತಿಂಗಳಿಗೆ ಸಣ್ಣಾಗಿ
ಬ್ಯಾಂಕಿನವರ ಮುಂದ ಇರುವಿ ಸಾಲಾಗೋ ಸಹಿ ಅನ್ನಲೋ,
ನಾನು ನಕ್ಕರೂ ನಗದ ಮಾರಿ ಅನ್ನಲೋ?
ಕಾಗದ ನಡುಗೋದು ಕಂಡು
“ಹೆದರಬ್ಯಾಡ್ರಿ ಅಮ್ಮ” ಅಂದ.
“ಹೆದರಿಲ್ಲಪ್ಪ. ಈ ನಡುಕಕ್ಕ ಹೆಸರದ,
ಕಾಯ್ದೆ ಪಟ್ಟಿಯಾಗ ಆ ಹೆಸರೂ ಅದ. ಬರಕೋ.”
ಬರಕೊಂಡ: ‘ಪಾರ್ಕಿಂಗ್’.

ತಿದ್ದಿಸಿದೆ. ಆದರ ಪೂರ್ತಿ ಸುಳ್ಳೂ ಅಲ್ಲ ಅದು.
ಹೊರಗ ಬರೋವಾಗ ಹೊಸ್ತಿಲ ಮುಂದ
ಎರಡೂ ಕಾಲು ನಿಂತೇ ಬಿಟ್ಟವು.
ಹಿಂದ ಮಂದಿ. ಯಾರೋ “ನಡೀರಿ ಮುಂದ” ಅಂದರು.
ನಾನೂ ಅದನ್ನೇ ಹೇಳ್ಲಿಕತ್ತೀನಿ ಕಾಲಿಗೆ.
ಲತೀಫ್ ಸಾಬ್ ತಮ್ಮ ಕೋಲು
ನನ್ನ ಪಾದದ ಮುಂದ ಅಡ್ಡ ಇಟ್ಟರು.
ನೋಡಿದವರು ತಡೆದಾರ ಅಂದ್ಕೊಂಡರು.
ಬಯಲಾಗ ಹೆಜ್ಜಿ ಏಳೋದಿಲ್ಲ ನಮಗ,
ದಾಟ್ಲಿಕ್ಕೆ ಏನರೆ ಬೇಕು.
ದಾಟಿದೆ.

ರಾತ್ರಿ ಮಗ್ಗಲ ಬದಲಿಸ್ಲಿಕ್ಕೆ ಆಗದೆ
ಫ್ಯಾನು ನೋಡ್ತ ಮಲಗಿರ್ತೀನಿ, ಅದೂ ಖರೇ.
ಆವಾಗ ಬಂದು ಧೈರ್ಯದ ಮಾತು ಕೇಳಬ್ಯಾಡ್ರಿ.
ಮನಸ್ಸಿನಾಗೇ ಟೈಪ್ ಮಾಡ್ತೀನಿ:
ವಿಷಯ, ಉಲ್ಲೇಖ, ಮಾನ್ಯರೇ.
ಅಲ್ಲಿ ಒಂದಕ್ಷರ ಎರಡು ಸಲ ಬೀಳೋದಿಲ್ಲ.

ಈ ಸೋಮವಾರ ಚೀಲದಾಗ
ಅರ್ಜಿ ಜೊತಿ ಸೀಮೆಸುಣ್ಣ ಇಟ್ಟೀನಿ.
ಹತ್ತರ ಗುಳಿಗಿ ಹತ್ತಿದ ಮ್ಯಾಲ,
ಸಾಹೇಬರು ಬರೋಕ್ಕಿಂತ ಮೊದಲು
(ಎರಡರ ನಡುವ ಭಾಳ ಹೊತ್ತು ಸಿಗ್ತದ)
ಬಾಗಿಲಿಂದ ಕಿಟಕಿ ತನಕ
ಮೊಳಕ್ಕೊಂದು ಗೆರಿ ಎಳೀತೀನಿ.
ಸಿಪಾಯಿ ಬೈತಾನ. ಬೈಲಿ, ಅವನಿಗೂ ವಯಸ್ಸಾಗ್ಲಿಕತ್ತದ.
ಗೆರಿ ಸೊಟ್ಟ ಬೀಳ್ತಾವ, ಬೀಳ್ಲಿ.
ಹನ್ನೊಂದರ ಬಸ್ಸಿಗೆ ಹಣಮವ್ವ ಬರ್ತಾಳ.